ಕೀರ್ತನೆಗಳಲ್ಲಿ ಬರುವ ಸಮುದ್ರ ಸರ್ಪವನ್ನು ಹೀಬ್ರೂ ಕವಿಗಳು ನಿಜವೆಂದು ನಂಬಿದ್ದರೇ?

ಒಬ್ಬನೇ ದೇವರನ್ನು ಸಾರುವ ಬೈಬಲಿನ ಹೀಬ್ರೂ ಕೀರ್ತನೆಗಳಲ್ಲಿ ದೇವರು ಹಲವು ತಲೆಗಳ ಸಮುದ್ರ ಸರ್ಪವನ್ನು ಕೊಲ್ಲುವ ಸಾಲುಗಳು ಏಕಿವೆ, ಕವಿಗಳು ಅದನ್ನು ನಂಬಿದ್ದರೇ, ಇದು ನಮ್ಮ ಇಂದ್ರ-ವೃತ್ರರ ಕಥೆಯ ಎರವಲೇ ಎಂದು ಕೇಳಿದ್ದೀರಿ. ಹೋಲಿಕೆ ಇದೆ, ನಿಜ. ಆದರೆ ಈ ಸರ್ಪ ಬಂದದ್ದು ಅಷ್ಟು ದೂರದಿಂದಲ್ಲ, ನೆರೆಮನೆಯಿಂದ.

1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಹೊಲ ಉಳುತ್ತಿದ್ದ ರೈತನಿಗೆ ಪುರಾತನ ಗೋರಿಯೊಂದು ಸಿಕ್ಕಿತು. ಮರುವರ್ಷ ಉತ್ಖನನ ಶುರುವಾಗಿ, ಹತ್ತಿರದ ರಾಸ್ ಶಮ್ರಾ ದಿಬ್ಬದಡಿಯಿಂದ ಉಗಾರಿತ್ ನಗರ ಹೊರಬಂತು. ಕ್ರಿ.ಪೂ. 1200ರ ಸುಮಾರಿಗೆ ನಾಶವಾದ ಆ ನಗರದ ಮಣ್ಣಿನ ಫಲಕಗಳಲ್ಲಿ ಗುಡುಗು-ಮಳೆಯ ದೇವರಾದ ಬಾಳ್ ಸಮುದ್ರದೇವನಾದ ಯಾಮ್‌ನನ್ನು ಸೋಲಿಸುತ್ತಾನೆ. ಓಡುವ ಸರ್ಪ, ಡೊಂಕು ಸರ್ಪ, ಏಳು ತಲೆಯವನು ಎಂಬ ಬಿರುದುಗಳಿರುವ ಮೃಗವೊಂದನ್ನು ಅವನು ಕೊಂದದ್ದೂ ಅಲ್ಲಿದೆ. ಇದರಲ್ಲಿ ಮೊದಲೆರಡು ಬಿರುದುಗಳು ಬೈಬಲಿನಲ್ಲೇ ಇರುವ ಪ್ರವಾದಿ ಯೆಶಾಯನ ಗ್ರಂಥದ 27ನೆಯ ಅಧ್ಯಾಯದಲ್ಲಿ ಲೆವಿಯಾತಾನ್ ಎಂಬ ಸಮುದ್ರ ಸರ್ಪಕ್ಕೆ ಹಾಗೆಯೇ ಬಂದಿವೆ. ಮೋಡಗಳನ್ನೇರಿ ಸಾಗುವವನು ಬಾಳ್. 104ನೆಯ ಕೀರ್ತನೆಯಲ್ಲಿ ಮೋಡಗಳು ಹೀಬ್ರೂ ದೇವರಾದ ಯೆಹೋವನ ರಥ.

ಎರವಲು ಎಂದು ತೋರಿಸಿದರೆ ಕೆಲಸ ಮುಗಿಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕವಿ ತಂದದ್ದರಿಂದ ಏನು ಮಾಡಿದ ಎಂಬುದೇ ನಿಜವಾದ ಪ್ರಶ್ನೆ. ಉಗಾರಿತ್‌ನ ಕವಿ ಕಾಳಗದ ಕಥೆಯನ್ನು ವಿಸ್ತಾರವಾಗಿ ಹೇಳುತ್ತಾನೆ. ಹೀಬ್ರೂ ಕಾವ್ಯದಲ್ಲಿ ಆ ಕಥೆ ಎಲ್ಲಿಯೂ ಇಡಿಯಾಗಿ ಇಲ್ಲ. ಕೇಳುಗರಿಗೆ ಗೊತ್ತೇ ಇದೆ ಎಂಬಂತೆ ತುಣುಕುಗಳಲ್ಲಿ ಹಾದುಹೋಗುತ್ತದೆ. ಆ ತುಣುಕುಗಳೂ ಒಂದೇ ಬಗೆಯವಲ್ಲ. 104ನೆಯ ಕೀರ್ತನೆಯಲ್ಲಿ ಅದೇ ಲೆವಿಯಾತಾನ್ ಹಡಗುಗಳು ಓಡಾಡುವ ಕಡಲಲ್ಲಿ ಆಡಿಕೊಂಡಿರಲೆಂದು ದೇವರು ಸೃಷ್ಟಿಸಿದ ಜೀವಿ. ಯೆಶಾಯನ 51ನೆಯ ಅಧ್ಯಾಯದಲ್ಲಿ ರಹಬ್ ಎಂಬ ಘಟಸರ್ಪವನ್ನು ಸೀಳಿದ್ದೂ, ಬಿಡುಗಡೆ ಹೊಂದಿದ ಜನ ದಾಟಿಹೋಗಲು ಸಮುದ್ರ ಬತ್ತಿದ್ದೂ ಒಂದೇ ಉಸಿರಿನಲ್ಲಿ ಬರುತ್ತವೆ. ಪುರಾಣವೂ ಜನಾಂಗದ ನೆನಪೂ ಅಲ್ಲಿ ಬೆರೆತುಹೋಗಿವೆ. ಇವನ್ನೆಲ್ಲ ಒಂದು ಸಿದ್ಧಾಂತದ ಚೌಕಟ್ಟಿಗೆ ಹೊಂದಿಸಲಾಗದು.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು 74ನೆಯ ಕೀರ್ತನೆ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೇನೆ ಯೆರೂಸಲೇಮಿನ ದೇವಾಲಯವನ್ನು ಸುಟ್ಟ ನಂತರದ ಗೋಳು ಇದೆಂದು ಹೆಚ್ಚಿನ ವಿದ್ವಾಂಸರು ತಿಳಿಯುತ್ತಾರೆ. ಕೆತ್ತನೆಗಳನ್ನು ಕೊಡಲಿಯಿಂದ ಕಡಿದುಹಾಕಿದ್ದಾರೆ. ಪ್ರವಾದಿಗಳಿಲ್ಲ. ಇದು ಎಷ್ಟು ಕಾಲ ಎಂದು ಬಲ್ಲವರಿಲ್ಲ. ಕೈಯನ್ನೇಕೆ ಹಿಂದೆಗೆದೆ ಎಂದು ಕೇಳಿದ ಕವಿ, ಆ ಬೂದಿಯ ನಡುವೆಯೇ ಇದ್ದಕ್ಕಿದ್ದಂತೆ ಸರ್ಪದ ಮಾತು ತೆಗೆಯುತ್ತಾನೆ: ಸಮುದ್ರವನ್ನು ಸೀಳಿದವನು ನೀನು, ಲೆವಿಯಾತಾನನ ತಲೆಗಳನ್ನು ಜಜ್ಜಿದವನು ನೀನು, ಹಗಲು ನಿನ್ನದು, ಇರುಳೂ ನಿನ್ನದು. ಇದು ಸ್ತುತಿಯಂತೆ ಕಂಡರೂ ದಾವೆ. ಅಂದು ಅಷ್ಟು ಮಾಡಿದವನು ಇಂದೇಕೆ ಸುಮ್ಮನಿದ್ದೀಯೆ ಎಂದು ದೇವರ ಹಳೆಯ ಪರಾಕ್ರಮವನ್ನೇ ದೇವರ ಮುಂದೆ ಸಾಕ್ಷಿಯಾಗಿ ನಿಲ್ಲಿಸುತ್ತಾನೆ. ಎದ್ದು ನಿನ್ನ ವ್ಯಾಜ್ಯವನ್ನು ನೀನೇ ನಡೆಸು ಎಂದೂ ಬೇಡುತ್ತಾನೆ.

ಹಾಗಾಗಿ ಆ ಕವಿ ಸರ್ಪವನ್ನು ನಂಬಿದ್ದನೇ ಎಂಬುದಕ್ಕಿಂತ, ಅದನ್ನು ಕೊಂದ ಕೈ ಇನ್ನೂ ಇದೆ ಎಂದು ನಂಬಲು ಅವನು ಎಷ್ಟು ಹೆಣಗಿದ ಎಂಬುದನ್ನು ನೋಡಿ. ಕೀರ್ತನೆ ಮುಗಿಯುವಾಗಲೂ ಅವನಿಗೆ ಉತ್ತರ ಸಿಕ್ಕಿಲ್ಲ. ಕೊನೆಯ ಸಾಲಿನಲ್ಲಿ ವೈರಿಗಳ ಗದ್ದಲ ಇನ್ನೂ ಏರುತ್ತಲೇ ಇದೆ.