ಹಳೆಯ ಸಿದ್ಧಾಂತದಿಂದ ಇವತ್ತಿನ ಊರು ಅರ್ಥವಾಗುತ್ತಾ?

ಎಂ.ಎ. ಓದುತ್ತಿದ್ದೀನಿ, ಅಜ್ಜನ ಕಾಲದ ಸಿದ್ಧಾಂತ ಇಟ್ಟುಕೊಂಡು ಈಗಿನ ಸಮಾಜ ಹೇಗೆ ಅರ್ಥ ಮಾಡಿಕೊಳ್ಳೋದು ಅಂತ ಕೇಳಿದ್ದೀರಿ. ನಾನು ಕೋಲಾರದಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಪ್ರಕಾರ ಹಳೆಯ ಸಿದ್ಧಾಂತ ಎಲ್ಲಿ ಕೈಕೊಡುತ್ತದೋ ಅಲ್ಲೇ ನಿಜವಾದ ಓದು ಶುರುವಾಗುತ್ತದೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು. ಊರಲ್ಲಿ ಯಾರ ಮಾತು ನಡೆಯುತ್ತದೆ, ಯಾಕೆ ನಡೆಯುತ್ತದೆ ಅನ್ನುವುದಕ್ಕೆ ‘ಪ್ರಬಲ ಜಾತಿ’ ಅನ್ನುವ ವಿಚಾರ ಕೊಟ್ಟರು. ಒಂದು ಜಾತಿ ಪ್ರಬಲ ಆಗಬೇಕಾದರೆ ಅದಕ್ಕೆ ಜನಬಲ ಇರಬೇಕು, ಭೂಮಿ ಇರಬೇಕು, ಜಾತಿಯ ಏಣಿಯಲ್ಲಿ ತೀರಾ ಕೆಳಗಿರಬಾರದು. 1959ರ ಲೇಖನದಲ್ಲಿ ಓದು, ನೌಕರಿಗಳನ್ನೂ ಸೇರಿಸಿದರು. ಅಂದರೆ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಇದನ್ನು ಪರೀಕ್ಷೆಗೆ ಓದುವವರು ಗಮನಿಸುವುದೇ ಇಲ್ಲ.

ಈಗ ಕೋಲಾರದ ಹತ್ತಿರ ಫ್ಯಾಕ್ಟರಿಗಳಿರುವ ನಮ್ಮ ನರಸಾಪುರದ ಕಡೆ ಬನ್ನಿ. ಶಿಫ್ಟ್ ಮುಗಿದ ಮೇಲೆ ಫ್ಯಾಕ್ಟರಿ ಬಸ್ಸು ಊರಿನ ಗೇಟಿನಲ್ಲಿ ನಿಲ್ಲುತ್ತದೆ. ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡ ಹುಡುಗಿಯರು ಇಳಿಯುತ್ತಾರೆ. ಅವರಲ್ಲಿ ಕೆಲವರ ಅಜ್ಜಿಯರು ಅದೇ ಊರಿನ ದೊಡ್ಡ ಮನೆಯವರ ಹೊಲದಲ್ಲಿ ಕಳೆ ಕಿತ್ತು, ಸಂಜೆ ಕೂಲಿಗೆ ಅವರ ಬಾಗಿಲಲ್ಲಿ ಕಾದವರು. ಮೊಮ್ಮಗಳ ಸಂಬಳ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಭೂಮಿಯಿಂದ ಬಂದಿದ್ದ ಹಿಡಿತ ಸಡಿಲವಾಗಿದೆ.

ಹಾಗಂತ ಜಾತಿಯ ಬಲ ಹೋಯಿತಾ? ಇಲ್ಲ. ಆ ದೊಡ್ಡ ಮನೆಯವರಲ್ಲಿ ಕೆಲವರು ಈಗ ಲೇಔಟ್ ಮಾಡುತ್ತಾರೆ, ಕೆಲಸಗಾರರಿಗೆ ಬಾಡಿಗೆ ಮನೆ ಕಟ್ಟಿಸುತ್ತಾರೆ. ಅಡ್ವಾನ್ಸ್ ಮಾತಾಡುವ ಮೊದಲು “ನೀವು ಯಾವ ಜನ?” ಅಂತ ಕೇಳುವುದು ನಿಂತಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ. ಭೂಮಿಯ ಲೆಕ್ಕ ಒಂದನ್ನೇ ಹಿಡಿದರೆ ಇದು ಕಾಣುವುದಿಲ್ಲ. ಸೈಟು, ಬಾಡಿಗೆ, ಗುತ್ತಿಗೆ ಎಲ್ಲವನ್ನೂ ನೋಡಬೇಕು.

‘ಸಂಸ್ಕೃತೀಕರಣ’ವೂ ಹಾಗೆಯೇ. ಕೆಳಗಿನ ಜಾತಿಯವರು ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುತ್ತಾರೆ ಅಂದರು ಶ್ರೀನಿವಾಸ್. 1901ರ ಜನಗಣತಿಯ ಕಾಲದಲ್ಲಿ ಎಷ್ಟೋ ಸಮುದಾಯಗಳು ತಮ್ಮನ್ನು ಮೇಲಿನ ವರ್ಣದಲ್ಲಿ ಬರೆಯಿರಿ ಅಂತ ಅರ್ಜಿ ಕೊಟ್ಟಿದ್ದವು. ಇವತ್ತು ಅದಕ್ಕೆ ಉಲ್ಟಾ, ಹಿಂದುಳಿದ ವರ್ಗಗಳ ಮೀಸಲಾತಿಯ 2ಎ ಪಟ್ಟಿಗೆ ಸೇರಿಸಿ, ಎಸ್‌ಟಿಗೆ ಸೇರಿಸಿ ಅಂತ ಸಮಾವೇಶಗಳು ನಡೆಯುತ್ತವೆ. ಮೀಸಲಾತಿ ಕೊಡುವ ಸರ್ಕಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದನ್ನು ವಿವರಿಸಲು ಆಗಲ್ಲ, ಅಲ್ವಾ?

ಸೆಮಿನಾರಿಗೆ ವಿಷಯ ಹುಡುಕುತ್ತಿದ್ದರೆ ನಿಮ್ಮ ಊರಿನಲ್ಲೇ ವಿಚಾರಿಸಿ: ಬಾಡಿಗೆ ಮನೆಗಳು ಯಾರವು, ಅಲ್ಲಿ ಯಾರಿಗೆ ಮನೆ ಸಿಗುತ್ತಿಲ್ಲ. ಶ್ರೀನಿವಾಸರ ಲೇಖನವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಬರೆಯಿರಿ.