ಒಳಗೆ ತೊಳ್ಯೋದು ನಿಲ್ಸಿ, ಮೊದ್ಲು ಯಾವ ಇನ್ಫೆಕ್ಷನ್ ಅಂತ ತಿಳ್ಕೊಳ್ಳಿ

ಪ್ರಶ್ನೆ: ಮೇಡಂ, ನಂಗೆ 29 ವರ್ಷ, ಮೂಡಿಗೆರೆ ಹತ್ರ ಇರೋದು, ಒಂದು ಮಗು ಇದೆ. ಹೋದ ವರ್ಷದಿಂದ ಪದೇ ಪದೇ ಬೆಳ್ಳಗೆ ಹೋಗತ್ತೆ, ಹಸಿ ಮೀನಿನ ಥರ ವಾಸನೆ, ಮುಟ್ಟು ಮುಗಿದ್ಮೇಲೆ ಮತ್ತೆ ಗಂಡನ ಜೊತೆ ಸೇರಿದ್ಮೇಲೆ ಇನ್ನೂ ಜಾಸ್ತಿ. ಮೆಡಿಕಲ್ ಶಾಪಲ್ಲಿ ಹೇಳಿದ್ರೆ ಫಂಗಸ್ಸಿಗೆ ಅಂತ ಒಂದು ಮಾತ್ರೆ ಕೊಡ್ತಾರೆ, ಸ್ವಲ್ಪ ದಿನ ಪರವಾಗಿಲ್ಲ ಅನ್ಸತ್ತೆ ಆಮೇಲೆ ಮತ್ತೆ ಶುರು. ಅತ್ತೆ ಉಷ್ಣ ಅಂತಾರೆ. ದಿನಾ ಎರಡು ಸಲ ಸೋಪ್ ಹಾಕಿ ಒಳಗೂ ತೊಳೀತೀನಿ, ಪರಿಮಳದ ವಾಶ್ ಕೂಡ ತರ್ಸಿದೀನಿ. ನಾನೇ ಗಲೀಜಾ ಅನ್ಸಿ ಅಳು ಬರತ್ತೆ.

ಉತ್ತರ: ನೀವು ಗಲೀಜಲ್ಲ, ಇದನ್ನ ಮೊದ್ಲು ಹೇಳ್ಬಿಡ್ತೀನಿ. ಈ ತೊಂದ್ರೆ ಇರೋ ಹೆಣ್ಮಕ್ಕಳು ಸಾಮಾನ್ಯವಾಗಿ ಬೇರೆಯವರಿಗಿಂತ ಜಾಸ್ತಿನೇ ತೊಳೀತಿರ್ತಾರೆ, ವಾಸನೆ ಬಂತು ಅಂತ ತೊಳೀತಾರೆ, ತೊಳೆದಿದ್ದಕ್ಕೆ ಮತ್ತೆ ವಾಸನೆ ಬರತ್ತೆ, ಮತ್ತೆ ತೊಳೀತಾರೆ, ಯಾರೂ ಹೇಳೋರಿರಲ್ಲ.

ಒಳಗೆ ಏನಾಗತ್ತೆ ಅಂದ್ರೆ, ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೆ ಬ್ಯಾಕ್ಟೀರಿಯಾ ಗುಂಪು ಇರತ್ತೆ. ಜರ್ಮನಿಯ ಡೋಡರ್ಲೈನ್ ಅನ್ನೋ ಡಾಕ್ಟ್ರು 1892ರಲ್ಲೇ ಇದನ್ನ ವಿವರ್ಸಿದ್ರು. ಈಸ್ಟ್ರೋಜನ್ ಹಾರ್ಮೋನಿಂದ ಅಲ್ಲಿನ ಜೀವಕೋಶಗಳಲ್ಲಿ ಗ್ಲೈಕೋಜನ್ ಅಂತ ಒಂಥರಾ ಸಕ್ಕರೆ ದಾಸ್ತಾನಾಗತ್ತೆ, ಅದ್ರಿಂದ ಈ ಒಳ್ಳೆ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಸಿಡ್ ತಯಾರು ಮಾಡತ್ತೆ, ಹಾಗಾಗಿ ಅಲ್ಲಿನ ಪಿಎಚ್ (ಹುಳಿ-ಕ್ಷಾರ ಅಳೆಯೋ ಅಂಕಿ) 3.8ರಿಂದ 4.5ರೊಳಗೆ ಹುಳಿಯಾಗೇ ಇರತ್ತೆ. ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ, ಪೈರು ದಟ್ಟವಾಗಿರೋ ಗದ್ದೇಲಿ ಕಳೆಗೆ ಜಾಗ ಸಿಗಲ್ವಲ್ಲ ಹಾಗೆ. ಸೋಪು ಕ್ಷಾರ, ಒಳಗೆ ಹಾಕಿದ್ರೆ ಹುಳಿನೂ ಹೋಯ್ತು ಒಳ್ಳೆ ಬ್ಯಾಕ್ಟೀರಿಯಾನೂ ಹೋಯ್ತು. ಆಮೇಲೆ ಗಾರ್ಡ್ನರೆಲ್ಲಾ ಮತ್ತು ಅದರ ಜೊತೆಯ ಬೇರೆ ಬ್ಯಾಕ್ಟೀರಿಯಾಗಳು ಹೆಚ್ಚಾಗ್ತವೆ, ಅದಕ್ಕೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಅಂತಾರೆ, ಬಿವಿ ಅಂತ ಚಿಕ್ಕದಾಗಿ. ನೀವು ಬರೆದಿರೋ ಲಕ್ಷಣ ನೋಡಿದ್ರೆ ನಂಗೆ ಅದೇ ಅನುಮಾನ. ರಕ್ತನೂ ವೀರ್ಯನೂ ಕ್ಷಾರ, ಅದಕ್ಕೇ ಮುಟ್ಟಾದಾಗ ಮತ್ತೆ ಸೇರಿದ್ಮೇಲೆ ವಾಸನೆ ಏಳೋದು.

ಫಂಗಸ್ ಬೇರೆ ಕಥೆ. ಅದ್ರಲ್ಲಿ ವಾಸನೆ ಅಷ್ಟಿರಲ್ಲ, ತಡ್ಕೊಳಕ್ಕಾಗದ ಕಡಿತ, ಉರಿ, ಗಟ್ಟಿ ಮೊಸರಿನ ಥರ ಬಿಳುಪು. ಫಂಗಸ್ ಮಾತ್ರೆ ಬಿವಿಗೆ ಏನೂ ಮಾಡಲ್ಲ. ಬಿವಿ ತಾನಾಗೇ ಏರಿಳಿತ ಆಗ್ತಿರತ್ತೆ, ನಾಲ್ಕು ದಿನ ಕಡಿಮೆ ಆದಾಗ ಮಾತ್ರೆಯಿಂದ ಅಂದ್ಕೋತೀವಿ ಅಷ್ಟೆ. ಮೂರನೇದು ಟ್ರೈಕೋಮೊನಾಸ್ ಅಂತ, ನೊರೆ ನೊರೆಯಾಗಿ ಹಳದಿ-ಹಸಿರು ಬಣ್ಣದಲ್ಲಿ ಹೋಗ್ಬಹುದು, ಅದು ಲೈಂಗಿಕ ಸಂಪರ್ಕದಿಂದ ಹರಡೋದು, ಗಂಡಂಗೂ ಔಷಧಿ ಕೊಡ್ಲೇಬೇಕು. ಲಕ್ಷಣ ಕೇಳಿದ ಮಾತ್ರಕ್ಕೆ ಯಾವುದು ಅಂತ ಡಾಕ್ಟ್ರಿಗೂ ಖಚಿತವಾಗಿ ಹೇಳಕ್ಕಾಗಲ್ಲ, ಇನ್ನು ಕೌಂಟರಲ್ಲಿ ನಿಂತ ಹುಡುಗನಿಗೆ ಹೇಗೆ ಗೊತ್ತಾಗತ್ತೆ? ಪರೀಕ್ಷೆ ಏನು ದೊಡ್ಡದಲ್ಲ, ಹತ್ತಿ ಕಡ್ಡಿಯಲ್ಲಿ ಸ್ವಲ್ಪ ದ್ರವ ತಗೊಂಡು ಪಿಎಚ್ ಕಾಗದಕ್ಕೆ ಹಚ್ಚೋದು, ಸ್ಲೈಡ್ ಮಾಡಿ ಮೈಕ್ರೋಸ್ಕೋಪಲ್ಲಿ ನೋಡೋದು, ನೋವಾಗಲ್ಲ. ಹಾಸನದ ಹಿಮ್ಸಲ್ಲಿ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಲಿ ಹೆರಿಗೆ-ಸ್ತ್ರೀರೋಗ ವಿಭಾಗ ಇದೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರತ್ತೆ, ಇದೇ ಥರದ ತೊಂದ್ರೆಗೆ, ದುಡ್ಡಿಲ್ಲ, ನಿಮ್ಮ ವಿಷಯ ಹೊರಗೆ ಹೇಳಲ್ಲ. ಊರಲ್ಲಿ ಯಾರಾದ್ರೂ ನೋಡ್ತಾರೆ ಅಂತ ಹಿಂಜರೀಬೇಡಿ, ಹೊಟ್ಟೆನೋವು ಅಂತ ಹೇಳ್ಕೊಂಡಾದ್ರೂ ಹೋಗಿ.

ಬಿವಿ ಅಂತಾದ್ರೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ 500 ಮಿಲಿಗ್ರಾಂ ದಿನಕ್ಕೆ ಎರಡು ಸಲ 7 ದಿನ, ಇಲ್ಲಾ ಅದರದ್ದೇ ಜೆಲ್ 5 ದಿನ, ಇಲ್ಲಾ ಕ್ಲಿಂಡಮೈಸಿನ್ ಕ್ರೀಮ್ 7 ದಿನ ಬರ್ಕೊಡ್ತಾರೆ. ಮೂರನೇ ದಿನಕ್ಕೆ ವಾಸನೆ ಹೋಯ್ತು ಅಂತ ನಿಲ್ಲಿಸ್ಬೇಡಿ. (ಈ ಕ್ರೀಮಲ್ಲಿ ಎಣ್ಣೆ ಇರೋದ್ರಿಂದ ಕಾಂಡೋಮ್ ಹರಿಯೋ ಸಾಧ್ಯತೆ ಇದೆ, ಅದನ್ನೇ ನಂಬ್ಕೊಂಡಿದ್ರೆ ಗಮನ ಇರ್ಲಿ.) ಕೋರ್ಸ್ ಸರಿಯಾಗಿ ಮುಗಿಸಿದ್ರೂ ಅರ್ಧಕ್ಕಿಂತ ಜಾಸ್ತಿ ಹೆಂಗಸ್ರಿಗೆ ಒಂದು ವರ್ಷದೊಳಗೆ ತಿರುಗಿ ಬರತ್ತೆ, ಅದು ನಿಮ್ಮ ತಪ್ಪಲ್ಲ, ಈ ಬ್ಯಾಕ್ಟೀರಿಯಾಗಳು ಒಳಗೋಡೆಗೆ ಪದರ ಕಟ್ಕೊಂಡು ಕೂರ್ತವೆ, ಔಷಧಿ ಪೂರ್ತಿ ಒಳಗಿಳಿಯಲ್ಲ. ಹಾಗೆ ಮರುಕಳಿಸೋರಿಗೆ ಮೊದಲ ಕೋರ್ಸ್ ಆದ್ಮೇಲೆ ವಾರಕ್ಕೆ ಎರಡು ಸಲ ಜೆಲ್ ಹಚ್ಚೋದನ್ನ 4ರಿಂದ 6 ತಿಂಗಳು ಮುಂದುವರಿಸೋ ಪದ್ಧತಿ ಇದೆ, ಡಾಕ್ಟ್ರನ್ನ ನೀವೇ ಕೇಳಿ.

ಮೊಸರು ಹಚ್ಚಬಹುದಾ ಅಂತೀರಾ? ತಿನ್ನಿ, ಚೆನ್ನಾಗಿ ತಿನ್ನಿ, ಆದ್ರೆ ಒಳಗೆ ಹಚ್ಚೋದು ಬೇಡ. ಯೋನಿಯನ್ನ ಚೆನ್ನಾಗಿ ಕಾಯೋದು ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಅನ್ನೋ ತಳಿ, ಮೊಸರು ಹೆಪ್ಪುಗಟ್ಟಿಸೋವು ಬೇರೆ ತಳಿಗಳು. ಈ ಕ್ರಿಸ್ಪೇಟಸ್ಸನ್ನೇ ಔಷಧಿ ಆದ್ಮೇಲೆ ಯೋನಿಯೊಳಗೆ ಇಟ್ಟು ಅಮೆರಿಕದಲ್ಲಿ ನೋಡಿದಾರೆ, 2020ರಲ್ಲಿ ಫಲಿತಾಂಶ ಬಂತು, 12 ವಾರದಲ್ಲಿ ಬಿವಿ ಮರುಕಳಿಸಿದ್ದು 100ಕ್ಕೆ 30 ಜನಕ್ಕೆ, ಬ್ಯಾಕ್ಟೀರಿಯಾ ಇಲ್ಲದ ಬರೀ ಪುಡಿ ಇಟ್ಟವರಲ್ಲಿ 45. ಭರವಸೆ ಇದೆ, ಆದ್ರೆ ಆನ್ಲೈನಲ್ಲಿ ಸಿಗೋ ಪ್ರೊಬಯಾಟಿಕ್ ಡಬ್ಬಿಗಳೆಲ್ಲ ಅದಲ್ಲ, ಸಾವಿರಾರು ರೂಪಾಯಿ ಸುರಿಯೋ ಮುಂಚೆ ಯೋಚ್ನೆ ಮಾಡಿ. ಬೆಳ್ಳುಳ್ಳಿ, ನಿಂಬೆ, ಆಂಟಿಸೆಪ್ಟಿಕ್ ಲಿಕ್ವಿಡ್ ಯಾವುದೂ ಒಳಗೆ ಹೋಗೋದು ಬೇಡ. ಹೊರಗಡೆ ಬರೀ ನೀರಲ್ಲಿ ತೊಳೀರಿ, ಸಾಕು, ಒಳಗಿನದ್ದನ್ನ ದೇಹನೇ ನೋಡ್ಕೊಳತ್ತೆ. ಆ ಪರಿಮಳದ ವಾಶ್ ಕೂಡ ಬೇಡ.

ಅತ್ತೆ ಹತ್ರ ಜಗಳ ಬೇಡ, ಆದ್ರೆ ಇದು ಉಷ್ಣ ಅಲ್ಲ. ಗರ್ಭಿಣಿ ಆಗಿದ್ರೆ, ಕಿಬ್ಬೊಟ್ಟೆ ನೋವು ಜ್ವರ ಇದ್ರೆ, ಸೇರಿದ್ಮೇಲೆ ರಕ್ತ ಬಂದ್ರೆ ಮಾತ್ರ ಒಂದಿನನೂ ಕಾಯ್ಬೇಡಿ.

ಪ್ರಶ್ನೆ: ನಾನು ಗಂಡಸು, ಹಾಸನ. ಹೆಂಡತಿಗೆ ಬಿವಿ ಅಂತ ಹೇಳಿದಾರೆ, ಮೂರನೇ ಸಲ. ನಾನೂ ಔಷಧಿ ತಗೋಬೇಕಾ? ಅವಳಿಗೆ ಇದು ನನ್ನಿಂದ ಬಂತಾ?

ಉತ್ತರ: ನೀವು ಕೇಳಿದ್ದು ತುಂಬಾ ಸಂತೋಷ, ಈ ಪ್ರಶ್ನೆ ಗಂಡಸರಿಂದ ಬರೋದೇ ಅಪರೂಪ. ಬಹಳ ವರ್ಷ ನಾವು ಡಾಕ್ಟ್ರುಗಳು ಗಂಡಂಗೆ ಔಷಧಿ ಬೇಡ ಅಂತಲೇ ಹೇಳ್ತಿದ್ವಿ, ಯಾಕಂದ್ರೆ ಹಿಂದಿನ ಅಧ್ಯಯನಗಳಲ್ಲಿ ಬರೀ ಮಾತ್ರೆ ಕೊಟ್ಟು ನೋಡಿದಾಗ ಲಾಭ ಸರಿಯಾಗಿ ಕಂಡಿರ್ಲಿಲ್ಲ. 2025ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಪ್ರಕಟವಾಯ್ತು. ಅದ್ರಲ್ಲಿ ಗಂಡಂಗೆ ಮೆಟ್ರೊನಿಡಜೋಲ್ ಮಾತ್ರೆ ಜೊತೆಗೆ ಶಿಶ್ನದ ಚರ್ಮಕ್ಕೆ ಕ್ಲಿಂಡಮೈಸಿನ್ ಕ್ರೀಮ್, ಎರಡೂ 7 ದಿನ ಕೊಟ್ರು. 12 ವಾರದೊಳಗೆ ಮತ್ತೆ ಬಂದಿದ್ದು 100ಕ್ಕೆ 35 ಹೆಂಗಸ್ರಿಗೆ, ಬರೀ ಹೆಂಡತಿಗೆ ಕೊಟ್ಟವರಲ್ಲಿ 63. ವ್ಯತ್ಯಾಸ ಎಷ್ಟು ಸ್ಪಷ್ಟ ಇತ್ತಂದ್ರೆ ಅಧ್ಯಯನವನ್ನ ಅವಧಿಗೆ ಮುಂಚೆನೇ ನಿಲ್ಲಿಸಿದ್ರು. ಹಾಗಾಗಿ ನಿಮ್ಮಂಥ ಜೋಡಿ ಇಬ್ರೂ ಒಟ್ಟಿಗೆ ಹೋಗಿ ಕೇಳಿ, ಇಬ್ರೂ ಒಂದೇ ವಾರ ಔಷಧಿ ಮುಗಿಸಿ, ಅಲ್ಲೀತನಕ ಸಂಪರ್ಕ ಬೇಡ. ಯಾರಿಂದ ಯಾರಿಗೆ ಬಂತು ಅಂತ ಲೆಕ್ಕ ಹಾಕಕ್ಕೆ ಹೋಗ್ಬೇಡಿ, ಬಿವಿ ಬಂದಿದೆ ಅಂದ ಮಾತ್ರಕ್ಕೆ ಯಾರೋ ದಾರಿ ತಪ್ಪಿದಾರೆ ಅಂತ ಅರ್ಥ ಅಲ್ಲವೇ ಅಲ್ಲ. ಈ ಅನುಮಾನದಿಂದ ಮನೆ ಒಡೆಯೋದು ಬೇಡ.

ಪ್ರಶ್ನೆ: ವಯಸ್ಸು 54, ಚಿಕ್ಕಮಗಳೂರು. ಶುಗರ್ ಇದೆ, ಹೊಸ ಮಾತ್ರೆ ಶುರು ಮಾಡಿದ್ಮೇಲೆ ಕೆಳಗಡೆ ವಿಪರೀತ ಕಡಿತ, ಚರ್ಮ ಸೀಳಿದ ಹಾಗೆ ಉರಿ. ಮಳೆಗಾಲದಲ್ಲಂತೂ ಕೇಳ್ಬೇಡಿ. ಒಂದು ಟ್ಯೂಬ್ ಹಚ್ತೀನಿ, ಹಚ್ಚಿದಾಗ ಹೋಗತ್ತೆ.

ಉತ್ತರ: ಆ ಟ್ಯೂಬಿನ ಮೇಲೆ ಏನಿದೆ ಅಂತ ಓದ್ಸಿ. ಮೂರ್ನಾಲ್ಕು ಔಷಧಿ ಬೆರೆಸಿರೋದಾದ್ರೆ ಅದ್ರಲ್ಲಿ ಸ್ಟೀರಾಯ್ಡ್ ಇರೋದೇ ಜಾಸ್ತಿ, ಕಡಿತ ತಕ್ಷಣ ಕಡಿಮೆ ಮಾಡಿ ಒಳಗೆ ಫಂಗಸ್ಸನ್ನ ಬೆಳೆಯಕ್ಕೆ ಬಿಡತ್ತೆ. ಇನ್ನೊಂದು, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆಗಳು ಸಕ್ಕರೆನ ಮೂತ್ರದಲ್ಲಿ ಹೊರಗೆ ಹಾಕ್ತವೆ, ಆ ಸಕ್ಕರೆ ಸಿಕ್ಕಿದ್ರೆ ಫಂಗಸ್ಸಿಗೆ ಹಬ್ಬ. ಒಳ್ಳೆ ಮಾತ್ರೆಗಳೇ, ನೀವಾಗೇ ನಿಲ್ಲಿಸ್ಬೇಡಿ, ಶುಗರ್ ಡಾಕ್ಟ್ರಿಗೆ ಈ ಕಡಿತದ ವಿಷಯ ನಾಚ್ಕೊಳ್ಳದೆ ಹೇಳಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಎಷ್ಟಿದೆ ನೋಡ್ಸಿ. ಫಂಗಸ್ ವರ್ಷಕ್ಕೆ ಮೂರು ಸಲಕ್ಕಿಂತ ಜಾಸ್ತಿ ಬರ್ತಿದ್ರೆ ಒಂದು ಮಾತ್ರೆ ಸಾಲಲ್ಲ, ಫಂಗಸ್ ಮಾತ್ರೆ ಫ್ಲೂಕೊನಜೋಲ್ 150 ಮಿಲಿಗ್ರಾಂ 1, 4, 7ನೇ ದಿನ, ಆಮೇಲೆ ವಾರಕ್ಕೊಂದು 6 ತಿಂಗಳು ಕೊಡೋ ಕ್ರಮ ಇದೆ. ಆದ್ರೆ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಗೋತಿದ್ರೆ ಇದರ ಜೊತೆ ಶುಗರ್ ತೀರಾ ಇಳೀಬಹುದು, ಅದಕ್ಕೇ ಎಲ್ಲಾ ಮಾತ್ರೆ ಚೀಟಿ ತಗೊಂಡೇ ಹೋಗಿ.

ಮುಟ್ಟು ನಿಂತ್ಮೇಲೆ ಈಸ್ಟ್ರೋಜನ್ ಇಳಿದು ಗ್ಲೈಕೋಜನ್ನೂ ಕಡಿಮೆ, ಹುಳಿನೂ ಕಡಿಮೆ, ಚರ್ಮನೂ ತೆಳು, ಬರೀ ಒಣಗಿದ್ದಕ್ಕೇ ಉರಿ ಬರಬಹುದು, ಅದಕ್ಕೆ ಯೋನಿಗೆ ಹಚ್ಚೋ ಈಸ್ಟ್ರೋಜನ್ ಕ್ರೀಮ್ ಇದೆ. ಬಿಳೀ ಮಚ್ಚೆ ಕಂಡ್ರೆ ಅದು ಬೇರೆ ಚರ್ಮರೋಗ ಇರಬಹುದು, ಕಣ್ಣಲ್ಲಿ ನೋಡಿಯೇ ಹೇಳ್ಬೇಕು.

ಮಳೆಗಾಲದ ಮಾತು ನಿಜ. ಮಲೆನಾಡಲ್ಲಿ ಜೂನಿಂದ ಒಳಚಡ್ಡಿ ಒಣಗೋದೇ ಇಲ್ಲ, ಅರೆ ಒದ್ದೆ ಇರೋದನ್ನೇ ಹಾಕ್ಕೋತಾರೆ, ಮುಟ್ಟಿನ ಬಟ್ಟೆನಂತೂ ಯಾರಿಗೂ ಕಾಣ್ಬಾರ್ದು ಅಂತ ಮಂಚದ ಕೆಳಗೆ. ಬಚ್ಚಲೊಲೆ ಹತ್ರ ಒಣಗಿಸಿ, ಇಸ್ತ್ರಿ ಮಾಡಿ, ಕಾಟನ್ನೇ ಹಾಕಿ, ತೋಟದಿಂದ ನೆನೆದು ಬಂದ್ರೆ ಮೊದ್ಲು ಬಟ್ಟೆ ಬದಲಾಯ್ಸಿ ಆಮೇಲೆ ಕಾಫಿ.

ಪ್ರಶ್ನೆ: ಮಗಳಿಗೆ 12, ಇನ್ನೂ ದೊಡ್ಡೋಳಾಗಿಲ್ಲ, ಚಡ್ಡಿಲಿ ಬಿಳುಪು ಕಾಣ್ತಿದೆ. ಇನ್ಫೆಕ್ಷನ್ನಾ? ಬೇಲೂರು.

ಉತ್ತರ: ವಾಸನೆ, ಕಡಿತ, ಉರಿ ಇಲ್ಲದೆ ತಿಳಿಯಾಗಿ ಅಥವಾ ಹಾಲಿನ ಬಣ್ಣದಲ್ಲಿ ಹೋಗ್ತಿದ್ರೆ ಇದು ಈಸ್ಟ್ರೋಜನ್ ಏರೋ ಲಕ್ಷಣ, ಮೊದಲ ಮುಟ್ಟಿಗೆ ಕೆಲವು ತಿಂಗಳ ಮುಂಚೆ ಸಹಜ, ಔಷಧಿ ಬೇಡ. ಅವಳಿಗೆ ಮುಟ್ಟಿನ ಬಗ್ಗೆ ಈಗ್ಲೇ ಹೇಳಿಡಿ, ಒಳಗೆ ಸೋಪ್ ಹಾಕ್ಬಾರ್ದು ಅನ್ನೋದನ್ನೂ ಸೇರ್ಸಿ. ಹಸಿರು ಬಣ್ಣ, ಕೆಟ್ಟ ವಾಸನೆ, ರಕ್ತ ಇದ್ರೆ ಡಾಕ್ಟ್ರಿಗೆ ತೋರ್ಸಿ, ಆಗ ಮಗಳನ್ನ ಬೈಬೇಡಿ, ಏನಾಯ್ತು ಅಂತ ಒಬ್ಬಳೇ ಇದ್ದಾಗ ನಿಧಾನವಾಗಿ ಕೇಳಿ.