ಸಾರಾಂಶ ಆಮೇಲೆ, ಮೊದಲು ಓತಿ ಕಾಣಲಿ

ಮಂಡ್ಯದ ಓದುಗರೊಬ್ಬರ ಪತ್ರ: “ಮಗಳು ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ದಸರಾ ರಜೆಯಲ್ಲಿ ‘ಕರ್ವಾಲೊ’ ಓದಿ ಹತ್ತು ಪುಟ ಸಾರಾಂಶ ಬರೆಯಬೇಕಂತೆ. ಇಪ್ಪತ್ತು ಪುಟಕ್ಕೇ ಬೇಜಾರು ಎಂದು ಮಡಚಿಟ್ಟಿದ್ದಾಳೆ. ಬರೆಸದಿದ್ದರೆ ಮಕ್ಕಳು ಓದುವುದೇ ಇಲ್ಲ ಅಲ್ಲವೇ?”

ತಾಯಿ, ನಲವತ್ತು ಮಕ್ಕಳಲ್ಲಿ ಯಾರು ಓದಿದರು ಎಂದು ತಿಳಿಯಲು ಮೇಷ್ಟ್ರಿಗೆ ಏನಾದರೂ ಗುರುತು ಬೇಕು, ಒಪ್ಪಿದೆ. ಆದರೆ ಹತ್ತು ಪುಟದ ಸಾರಾಂಶ ಆ ಗುರುತಲ್ಲ. ಪಕ್ಕದ ಮನೆ ಹುಡುಗಿಯ ನೋಟ್ಸ್ ನೋಡಿಯೂ ಅದನ್ನು ಬರೆಯಬಹುದು. ಓದುವಾಗಲೇ ‘ಇದನ್ನು ಬರೀಬೇಕಲ್ಲ’ ಎಂಬ ಭಾರ ತಲೆ ಮೇಲಿದ್ದರೆ ಮಗು ಕಥೆಯನ್ನು ಬಿಟ್ಟು ‘ಪಾಯಿಂಟು’ ಹುಡುಕುತ್ತದೆ. 1980ರಲ್ಲಿ ಬಂದ ತೇಜಸ್ವಿಯವರ ಈ ಕಾದಂಬರಿಯಲ್ಲಂತೂ ಹಾಗೆ ಹುಡುಕಿದರೆ ಕೈಗೆ ಬರುವುದು ಒಂದೇ ಸಾಲು: ಹಾರುವ ಓತಿಯನ್ನು ಅರಸಿ ಹೋದರು, ಅದು ತಪ್ಪಿಸಿಕೊಂಡಿತು. ಜೇನು, ಕಾಡು, ಹಳ್ಳಿ ಹುಡುಗ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬ ಹುಟ್ಟಾ ನಿಸರ್ಗಶಾಸ್ತ್ರಜ್ಞನನ್ನು ಕಾಣುವುದು, ಇದೆಲ್ಲ ಸಾರಾಂಶದ ಜರಡಿಯಲ್ಲಿ ಸೋರಿಹೋಗುತ್ತದೆ.

ನಿಮ್ಮ ಮಗಳು ಇಪ್ಪತ್ತನೇ ಪುಟದಲ್ಲಿ ನಿಂತದ್ದಕ್ಕೆ ಸೋಮಾರಿತನ ಕಾರಣವಲ್ಲ. ಓತಿಯ ಸುದ್ದಿ ಇನ್ನೂ ಬಂದಿರುವುದಿಲ್ಲ, ಹೆಸರುಗಳು ಮಾತ್ರ ಬರುತ್ತಲೇ ಇರುತ್ತವೆ. ಹಳೇ ಲಗ್ನಪತ್ರಿಕೆಯ ರಟ್ಟು ಕತ್ತರಿಸಿ ಪುಟಗುರುತು ಮಾಡಿಕೊಡಿ. ಮಂದಣ್ಣ, ಪ್ಯಾರ, ಕರಿಯಪ್ಪ, ಪ್ರಭಾಕರ, ‘ಕಿವಿ’ ಎಂಬ ನಾಯಿ, ಬಂದ ಹಾಗೆ ಅದರ ಮೇಲೆ ಬರೆದುಕೊಳ್ಳಲಿ. ಮೊದಲ ಹತ್ತು ಪುಟ ನೀವೇ ಗಟ್ಟಿಯಾಗಿ ಓದಿ. ಆಮೇಲೆ ಅವಳು ಓದುವಾಗ ಒತ್ತಕ್ಷರಕ್ಕೆ ತಡವರಿಸಿದರೆ ನಡುವೆ ತಿದ್ದಬೇಡಿ, ವಾಕ್ಯ ಮುಗಿಯಲಿ. ನಿಘಂಟು ಆಗಾಗ ತೆರೆದರೂ ಕಥೆ ಕಡಿಯುತ್ತದೆ. ಒಂದೇ ಪದ ಮೂರನೇ ಸಲ ಎದುರಾದರೆ ಮಾತ್ರ ಅರ್ಥ ನೋಡಲಿ. ‘ಓತಿ’ಗೆ ಅದೂ ಬೇಡ. ನಿಮ್ಮ ಬೇಲಿ ಮೇಲೆ ತಲೆ ಆಡಿಸುವ ಓತಿಕ್ಯಾತನನ್ನು ತೋರಿಸಿ, ಇದರ ನೆಂಟನಿಗೆ ಪಕ್ಕೆಲುಬಿನ ಮೇಲೆ ತೊಗಲು ಹಬ್ಬಿದೆ, ಅದನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ ಎನ್ನಿ.

ಇನ್ನು ಲೆಕ್ಕ. ರಜೆ ಹದಿನೈದು ದಿನ ಎಂದುಕೊಂಡರೂ ಸರಸ್ವತಿ ಪೂಜೆಗೆ ಪುಸ್ತಕ ಇಟ್ಟರೆ ವಿಜಯದಶಮಿವರೆಗೆ ತೆಗೆಯದ ಮನೆಗಳಿವೆ. ಅಲ್ಲಿಗೆ ಮೂರು ದಿನ. ನೆಂಟರು, ಮೈಸೂರಿಗೆ ಹೋಗಿ ಜಂಬೂಸವಾರಿ, ವಸ್ತುಪ್ರದರ್ಶನ ಎಂದು ಇನ್ನೆರಡು. ಉಳಿದದ್ದು ಹತ್ತು. ನಿಮ್ಮ ಪ್ರತಿ ನೂರೈವತ್ತು ಪುಟದ್ದಾದರೆ ದಿನಕ್ಕೆ ಹದಿನೈದು. ಗಡಿಯಾರ ಇಟ್ಟು ಒಂದು ಪುಟ ಓದಿಸಿ ನೋಡಿ. ನಾಲ್ಕು ನಿಮಿಷ ಹಿಡಿದರೆ ಒಟ್ಟು ಒಂದು ಗಂಟೆ, ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ಮೊದಲ ದಿನವೇ ಹುಮ್ಮಸ್ಸಿನಲ್ಲಿ ನಲವತ್ತು ಪುಟ ಓದಲು ಬಿಡಬೇಡಿ. ಸುಸ್ತಾಗಿ ಮೂರು ದಿನ ಬಿಟ್ಟರೆ ಹೆಸರುಗಳೆಲ್ಲ ಮತ್ತೆ ಕಲಸಿಹೋಗುತ್ತವೆ. ಪೂಜೆಗೆ ಪಠ್ಯಪುಸ್ತಕ ಇಡಿ, ಕಾದಂಬರಿ ಅವಳ ಕೈಯಲ್ಲೇ ಇರಲಿ. ಸರಸ್ವತಿ ಇದಕ್ಕೆ ಮುನಿಯುವವಳಲ್ಲ.

ಒಂದು ಮಾತಿಗೆ ಮಾತ್ರ ನಿಮ್ಮ ಮೇಲೆ ಆಕ್ಷೇಪವಿದೆ. ‘ಮಕ್ಕಳು ಓದುವುದೇ ಇಲ್ಲ’ ಎನ್ನುತ್ತೀರಿ. ಓದಲು ಅವರ ಕೈಗೆ ನಾವು ಏನು ಕೊಟ್ಟಿದ್ದೇವೆ? ಶಾಲೆಯ ಬೀರುವಿಗೆ ಬೀಗ, ಗ್ರಂಥಾಲಯದ ಪೀರಿಯಡ್ಡಿಗೆ ಗಣಿತ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಒಂದೊಂದು ರೂಪಾಯಿಗೂ ಆರು ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಆ ದುಡ್ಡಿನ ಪುಸ್ತಕ ಕೇಳಲು ನಮ್ಮಲ್ಲಿ ಎಷ್ಟು ಜನ ಮೆಟ್ಟಿಲು ಹತ್ತಿದ್ದೇವೆ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಇದನ್ನು ಎಷ್ಟು ಶಾಲೆಗಳು ಮಕ್ಕಳಿಗೆ ಹೇಳಿವೆ?

ಮೇಷ್ಟ್ರಿಗೊಂದು ಚೀಟಿ ಬರೆಯಿರಿ. ಸಾರಾಂಶದ ಬದಲು ಒಂದೇ ಪ್ರಶ್ನೆ ಕೇಳಲಿ: ಓತಿ ಕೊನೆಗೆ ತಪ್ಪಿಸಿಕೊಂಡಾಗ ನಿನಗೆ ಬೇಸರವಾಯಿತೋ, ಖುಷಿಯಾಯಿತೋ? ಓದದವಳು ಅದಕ್ಕೆ ಎರಡು ಸಾಲೂ ಬರೆಯಲಾರಳು. ಓದಿದವಳಿಗೆ ಹತ್ತು ಪುಟ ಸಾಲದೆ ಹೋಗಬಹುದು.

— ಸಂ.